ವಿವರ್ತನರಹಿತ ಕಿರಣಪುಂಜಗಳು

ಬೆಂಗಳೂರಿನ ಬಸವನಗುಡಿಗೆ ಹೊಂದಿಕೊಂಡಿರುವ ಗವಿಪುರದಲ್ಲಿ ಗವಿ ಗಂಗಾಧರೇಶ್ವರ ದೇವಾಲಯವಿದೆ. ಅಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಶಿವಲಿಂಗದ ಮೇಲೆ ಬೀಳುತ್ತದೆ. ನೋಡುವವರಿಗೆ ಆ ಬೆಳಕು ಗೆರೆ ಎಳೆದ ಹಾಗೆ, ಅಂಚು ಕೆಡದೆ ಒಳಹೊಕ್ಕಂತೆ ಕಾಣುತ್ತದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸೂರ್ಯ ಒಂದು ಬಿಂದುವಲ್ಲ. ಅವನ ಬಿಂಬ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲವಾಗಿದೆ. ಬಿಂಬದ ಒಂದು ಅಂಚಿನಿಂದ ಬಂದ ಕಿರಣವೂ ಇನ್ನೊಂದು ಅಂಚಿನಿಂದ ಬಂದ ಕಿರಣವೂ ಅಷ್ಟೇ ಕೋನದಲ್ಲಿ ಬೇರ್ಪಡುವುದರಿಂದ, ಯಾವುದೇ ಕಿಂಡಿಯಿಂದ ಒಳಬಂದ ಬಿಸಿಲು ಸಾಗಿದ ಪ್ರತಿ ಮೀಟರಿಗೆ ಸುಮಾರು 9 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಹತ್ತು ಮೀಟರ್ ದಾಟಿದರೆ ಅಂಚು ಒಂದು ಗೇಣಿಗೆ ಅರ್ಧದಷ್ಟು ಮಸುಕಾಗಿರುತ್ತದೆ. ಬೆಳಕು ಹರಡುವುದಕ್ಕೆ ಇದೊಂದು ಕಾರಣ. ಇದು ಮೂಲದ ಗಾತ್ರದಿಂದ ಬಂದದ್ದು. ಬೆಳಕಿನ ಸ್ವಭಾವಕ್ಕೂ ಇದಕ್ಕೂ ಸಂಬಂಧವಿಲ್ಲ. ಸೂರ್ಯನ ಜಾಗದಲ್ಲಿ ದೂರದ ಒಂದು ನಕ್ಷತ್ರವಿದ್ದರೆ ಈ ಹರಡುವಿಕೆ ಬಹುಮಟ್ಟಿಗೆ ಮಾಯವಾಗುತ್ತಿತ್ತು.

ಮಾಯವಾಗದೆ ಉಳಿಯುವುದು ಇನ್ನೊಂದು ಬಗೆಯ ಹರಡುವಿಕೆ. ಅದಕ್ಕೆ ವಿವರ್ತನೆ ಎಂದು ಹೆಸರು. ಬೆಳಕು ಅಲೆಯಾದ್ದರಿಂದ, ಅದನ್ನು ಕಿರಿದಾದ ಜಾಗಕ್ಕೆ ಒತ್ತಿದಷ್ಟೂ ಅದು ಆಮೇಲೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಅರ್ಧ ಮೀಟರ್ ಅಗಲದ ಕಿಟಕಿಯಲ್ಲಿ ಇದರ ಪ್ರಮಾಣ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು, ಸೂರ್ಯಬಿಂಬದ ಅಗಲದಿಂದಾಗುವ ಹರಡುವಿಕೆಯ ಎಂಟು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಲೇಸರ್ ಬೆಳಕಿನಲ್ಲಿ ಮೂಲದ ಗಾತ್ರದ ತೊಡಕು ಇಲ್ಲವಾದ್ದರಿಂದ ವಿವರ್ತನೆಯೇ ಕೊನೆಯ ಮಿತಿಯಾಗಿ ನಿಲ್ಲುತ್ತದೆ. 633 ನ್ಯಾನೊಮೀಟರ್ ತರಂಗದೂರದ ಕೆಂಪು ಲೇಸರಿನ ಪುಂಜವೊಂದರ ತ್ರಿಜ್ಯ 1 ಮಿಲಿಮೀಟರ್ ಇದ್ದರೆ ಅದು ಸುಮಾರು 5 ಮೀಟರ್ ದೂರದಲ್ಲಿ 1.4 ಪಟ್ಟು ಅಗಲವಾಗುತ್ತದೆ. ತ್ರಿಜ್ಯವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ಈ ದೂರ ನೂರರಲ್ಲೊಂದಕ್ಕೆ, ಅಂದರೆ 5 ಸೆಂಟಿಮೀಟರಿಗೆ ಕುಸಿಯುತ್ತದೆ. ಲೇಸರ್ ಹರಡುವುದೇ ಇಲ್ಲ ಎಂಬ ಸಾಮಾನ್ಯ ನಂಬಿಕೆ ದಪ್ಪ ಪುಂಜಗಳನ್ನು ಹತ್ತಿರದಿಂದ ನೋಡಿದ್ದರಿಂದ ಬಂದದ್ದು.

1987ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಡರ್ನಿನ್, ಮಿಚೆಲಿ ಮತ್ತು ಎಬರ್ಲಿ ಅವರು ವಿವರ್ತನೆಯಿಲ್ಲದ ಕಿರಣಪುಂಜವನ್ನು ಪ್ರಯೋಗದಲ್ಲಿ ತೋರಿಸಿದ್ದೇವೆ ಎಂದು ಪ್ರಕಟಿಸಿದರು. ಅಂದಿನಿಂದ ಈ ಬಗೆಯ ಪುಂಜಗಳಿಗೆ ವಿವರ್ತನರಹಿತ ಎಂಬ ವಿಶೇಷಣ ಅಂಟಿಕೊಂಡಿದೆ. ಆ ವಿಶೇಷಣವನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಇವು ವಿವರ್ತನೆಯನ್ನು ಸೋಲಿಸಿದ ಪುಂಜಗಳಲ್ಲ, ವಿವರ್ತನೆಯಿಂದಲೇ ಕಟ್ಟಿದ ಪುಂಜಗಳು. ಹರಡಬೇಕಾದ ಬೆಳಕೆಲ್ಲ ಇಲ್ಲಿಯೂ ಹರಡುತ್ತದೆ. ಹರಡುವ ಕ್ರಮವನ್ನು ಮೊದಲೇ ಹೊಂದಿಸಿಟ್ಟಿರುವುದರಿಂದ ನಡುವಿನ ಆಕಾರ ಮಾತ್ರ ಬದಲಾಗದೆ ಉಳಿಯುತ್ತದೆ. ಈ ಹೊಂದಾಣಿಕೆ ನಡೆಯುವುದು ಪ್ರಾವಸ್ಥೆಯಲ್ಲಿ, ಅಂದರೆ ಅಲೆ ಪ್ರತಿ ಜಾಗದಲ್ಲೂ ತನ್ನ ಏರಿಳಿತದ ಎಷ್ಟನೆಯ ಹಂತದಲ್ಲಿದೆ ಎಂಬುದರಲ್ಲಿ. ತೀವ್ರತೆಯನ್ನು ಮುಟ್ಟದೆ ಪ್ರಾವಸ್ಥೆಯನ್ನಷ್ಟೇ ತಿದ್ದಿದರೆ ಬೆಳಕಿನ ಮುಂದಿನ ಹಾದಿಯೇ ಬದಲಾಗುತ್ತದೆ ಎಂಬ ತತ್ತ್ವದ ಅತ್ಯಂತ ಅಚ್ಚುಕಟ್ಟಾದ ನಿರೂಪಣೆಗಳಲ್ಲಿ ಒಂದು ಬೆಂಗಳೂರಿನದು. ರಾಚೆಸ್ಟರಿನ ಪ್ರಯೋಗಕ್ಕಿಂತ ಅದು ಅರ್ಧ ಶತಮಾನ ಹಳೆಯದು.

ಚಂದ್ರಶೇಖರ ವೆಂಕಟರಾಮನ್ ಅವರು 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಅಲ್ಲಿ ಭೌತವಿಜ್ಞಾನ ವಿಭಾಗವನ್ನು ಆರಂಭಿಸಿದರು.  ಹಿಂದಿನ ವರ್ಷವಷ್ಟೇ, 1932ರಲ್ಲಿ, ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ಅವರು ಒಂದು ವಿಚಿತ್ರವನ್ನು ಕಂಡಿದ್ದರು. ದ್ರವದೊಳಗೆ ಶ್ರವಣಾತೀತ ಧ್ವನಿ ಹರಿಯುತ್ತಿರುವಾಗ ಅದಕ್ಕೆ ಅಡ್ಡಲಾಗಿ ಬೆಳಕು ಹಾಯಿಸಿದರೆ, ಒಂದು ಗೆರೆಯಾಗಿ ಒಳಹೋದ ಬೆಳಕು ಹಲವು ಗೆರೆಗಳಾಗಿ ಒಡೆದು ಹೊರಬರುತ್ತಿತ್ತು. ಧ್ವನಿಯನ್ನು ಜೋರು ಮಾಡಿದಂತೆ ಆ ಗೆರೆಗಳ ಹೊಳಪು ಒಂದು ಏರಿ ಇನ್ನೊಂದು ಇಳಿದು ಯಾವ ಕ್ರಮಕ್ಕೂ ಸಿಗದಂತೆ ಬದಲಾಗುತ್ತಿತ್ತು. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ ಇದಕ್ಕೆ ಕಾರಣ ಕೊಟ್ಟರು. ದ್ರವ ಪಾರದರ್ಶಕ, ಧ್ವನಿ ಬೆಳಕನ್ನು ಹೀರುವುದಿಲ್ಲ. ಧ್ವನಿಯಿಂದ ದ್ರವ ಒತ್ತಾದ ಕಡೆ ವಕ್ರೀಭವನ ಸೂಚ್ಯಂಕ ಚೂರು ಹೆಚ್ಚು, ಸಡಿಲವಾದ ಕಡೆ ಚೂರು ಕಡಿಮೆ. ಹಾಗಾಗಿ ಬೆಳಕು ದ್ರವದಿಂದ ಹೊರಬೀಳುವಾಗ ಅದರ ತೀವ್ರತೆ ಎಲ್ಲ ಕಡೆಯೂ ಮೊದಲಿನಂತೆಯೇ ಇರುತ್ತದೆ. ತರಂಗಮುಖ ಮಾತ್ರ ಸುಕ್ಕುಗಟ್ಟಿರುತ್ತದೆ. ಹೊರಬಿದ್ದ ಕ್ಷಣದಲ್ಲಿ ಯಾವ ಗೆರೆಯೂ ಕಾಣದು. ಆ ಸುಕ್ಕುಗಳೇ ದೂರ ಸಾಗುತ್ತ ಗೆರೆಗಳಾಗಿ ಬೇರ್ಪಡುತ್ತವೆ.

ಅವರ ಸೂತ್ರದ ಪ್ರಕಾರ ಪ್ರತಿ ಗೆರೆಯ ತೀವ್ರತೆ ಬೆಸೆಲ್ ಫಲನವೆಂಬ ಗಣಿತದ ರೂಪವೊಂದರ ವರ್ಗಕ್ಕೆ ಸಮ. ಧ್ವನಿಯ ಬಲ ಒಂದು ಮಟ್ಟಕ್ಕೆ ಬಂದಾಗ, ಅಂದರೆ ಸುಕ್ಕಿನ ಎತ್ತರ ಪ್ರಾವಸ್ಥೆಯ ಲೆಕ್ಕದಲ್ಲಿ 2.405 ರೇಡಿಯನ್ ಆದಾಗ, ನಡುವಿನ ಗೆರೆ ಪೂರ್ತಿ ಆರಿಹೋಗುತ್ತದೆ; ಧ್ವನಿ ಇನ್ನೂ ಹೆಚ್ಚಿದರೆ ಮರಳಿ ಹೊತ್ತಿಕೊಳ್ಳುತ್ತದೆ. ಈ 2.405 ಎಂಬ ಅಂಕೆ ರಾಚೆಸ್ಟರಿನ ಪುಂಜದಲ್ಲಿ ಮತ್ತೆ ಎದುರಾಗುತ್ತದೆ. ಅಲ್ಲಿ ಅದು ನಡುವಿನ ಚುಕ್ಕೆಯ ಸುತ್ತಲ ಮೊದಲ ಕತ್ತಲೆಯ ಬಳೆ ಎಷ್ಟು ದೂರದಲ್ಲಿರಬೇಕೆಂದು ನಿಗದಿ ಮಾಡುತ್ತದೆ. ಇದು ಆಕಸ್ಮಿಕವಲ್ಲ. ಒಂದು ಕಡೆ ಧ್ವನಿಯ ಒಂದು ಪೂರ್ಣ ಆವರ್ತದುದ್ದಕ್ಕೂ, ಇನ್ನೊಂದು ಕಡೆ ಒಂದು ವೃತ್ತದ ಸುತ್ತಲೂ, ಪ್ರಾವಸ್ಥೆ ಏರಿಳಿಯುತ್ತಿರುವ ಅಲೆಗಳನ್ನು ಕೂಡಿಸಬೇಕಾಗುತ್ತದೆ. ಎರಡೂ ಕೂಡಿಕೆಗಳ ಗಣಿತ ಒಂದೇ.

ಕಿರಿದಾದ ಪುಂಜವೆಂದರೆ ಗಣಿತದ ಕಣ್ಣಿಗೆ ಬೇರೆ ಬೇರೆ ಕೋನಗಳಲ್ಲಿ ವಾಲಿದ ಅಸಂಖ್ಯ ಸಮತಲ ಅಲೆಗಳ ಮೊತ್ತ. ಎಲ್ಲವೂ ಒಂದೇ ವೇಗದಲ್ಲಿ ಸಾಗುತ್ತವೆ, ಆದರೆ ಪುಂಜದ ಅಕ್ಷದ ಉದ್ದಕ್ಕೆ ನೋಡಿದರೆ ಹೆಚ್ಚು ವಾಲಿದ ಅಲೆಯ ಪ್ರಾವಸ್ಥೆ ನಿಧಾನವಾಗಿ, ಕಡಿಮೆ ವಾಲಿದ ಅಲೆಯದು ಬೇಗ ಬದಲಾಗುತ್ತದೆ. ಆರಂಭದಲ್ಲಿ ಒಟ್ಟಾಗಿ ಹೆಜ್ಜೆ ಹಾಕುತ್ತಿದ್ದ ಅಲೆಗಳು ಸ್ವಲ್ಪ ದೂರ ಹೋಗುವಷ್ಟರಲ್ಲಿ ತಾಳ ತಪ್ಪುತ್ತವೆ. ತಾಳ ತಪ್ಪಿದ ಮೊತ್ತವೇ ಹರಡಿದ ಪುಂಜ. ಅಂದಮೇಲೆ ಹರಡುವಿಕೆಗೆ ಕಾರಣ ಅಲೆಗಳು ವಾಲಿರುವುದಲ್ಲ. ಒಂದಕ್ಕಿಂತ ಒಂದು ಬೇರೆ ಬೇರೆ ಪ್ರಮಾಣದಲ್ಲಿ ವಾಲಿರುವುದು. ಎಲ್ಲ ಅಲೆಗಳನ್ನೂ ಅಕ್ಷಕ್ಕೆ ಸರಿಯಾಗಿ ಒಂದೇ ಕೋನದಲ್ಲಿ, ಶಂಕುವಿನ ಮೈಮೇಲಿನ ಗೆರೆಗಳಂತೆ ಸುತ್ತ ಜೋಡಿಸಿದರೆ? ಆಗ ಎಲ್ಲದರ ಪ್ರಾವಸ್ಥೆಯೂ ಅಕ್ಷದುದ್ದಕ್ಕೆ ಸಮನಾಗಿ ಬದಲಾಗುತ್ತದೆ, ತಾಳ ತಪ್ಪುವ ಪ್ರಶ್ನೆಯೇ ಏಳುವುದಿಲ್ಲ. ಅಡ್ಡಕೊಯ್ತದಲ್ಲಿ ಕಾಣುವ ಆಕಾರ, ಅಂದರೆ ನಡುವೆ ಪ್ರಖರ ಚುಕ್ಕೆ ಮತ್ತು ಅದರ ಸುತ್ತ ಒಂದರ ಹೊರಗೊಂದು ಬಳೆಗಳು, ಎಷ್ಟು ದೂರ ಹೋದರೂ ಹಾಗೆಯೇ ಇರುತ್ತದೆ. ಇದೇ ಬೆಸೆಲ್ ಕಿರಣಪುಂಜ.

ಡರ್ನಿನ್ ಮತ್ತು ಸಂಗಡಿಗರ ಸಲಕರಣೆ ಕಾಲೇಜು ಪ್ರಯೋಗಾಲಯದಲ್ಲೂ ಜೋಡಿಸಬಹುದಾದಷ್ಟು ಸರಳ. 2.5 ಮಿಲಿಮೀಟರ್ ವ್ಯಾಸದ, 10 ಮೈಕ್ರೊಮೀಟರ್ ಅಗಲದ ಬಳೆಯಾಕಾರದ ಸೀಳು. ಅದರ ಮುಂದೆ 305 ಮಿಲಿಮೀಟರ್ ಸಂಗಮದೂರದ ಮಸೂರ. ಸೀಳಿನ ಪ್ರತಿ ಬಿಂದುವಿನಿಂದ ಹೊರಟ ಬೆಳಕನ್ನೂ ಮಸೂರ ಒಂದೊಂದು ವಾಲಿದ ಸಮತಲ ಅಲೆಯಾಗಿ ಮಾಡುತ್ತದೆ. ಬಳೆಯ ಬಿಂದುಗಳೆಲ್ಲ ಕೇಂದ್ರದಿಂದ ಸಮದೂರದಲ್ಲಿರುವುದರಿಂದ ಎಲ್ಲ ಅಲೆಗಳ ವಾಲಿಕೆಯೂ ಒಂದೇ, ಸುಮಾರು 4 ಮಿಲಿರೇಡಿಯನ್. ನಡುವಿನ ಚುಕ್ಕೆಯ ತ್ರಿಜ್ಯ 59 ಮೈಕ್ರೊಮೀಟರ್ ಬರುತ್ತದೆ. ಇಷ್ಟೇ ಸಣ್ಣ ಸಾಮಾನ್ಯ ಲೇಸರ್ ಪುಂಜ 17 ಮಿಲಿಮೀಟರಿನಲ್ಲೇ ಅಗಲವಾಗತೊಡಗುತ್ತಿತ್ತು. ಈ ಚುಕ್ಕೆ 85 ಸೆಂಟಿಮೀಟರಿನವರೆಗೆ ಗಾತ್ರ ಕಾಯ್ದುಕೊಂಡಿತು. ಸೀಳಿನಿಂದ ಬಹುಪಾಲು ಬೆಳಕು ವ್ಯರ್ಥವಾಗುವುದರಿಂದ ಈಗ ಹೆಚ್ಚಾಗಿ ಬಳಸುವುದು ಶಂಕುವಿನ ಆಕಾರದ ಗಾಜು, ಆಕ್ಸಿಕಾನ್. ಅದನ್ನು ಮೆಕ್ಲೌಡ್ 1954ರಲ್ಲಿಯೇ ವರ್ಣಿಸಿದ್ದರು. ಅದು ಬೆಳಕನ್ನು ತಡೆಯದೆ ತರಂಗಮುಖವನ್ನಷ್ಟೇ ಶಂಕುವಾಗಿ ಮಡಿಸುತ್ತದೆ. ಇಲ್ಲಿಂದ ರಾಮನ್–ನಾಥ್ ಅವರ ದ್ರವಪಾತ್ರೆಗೆ ದೂರವೇನೂ ಇಲ್ಲ. ನೀರಿನಲ್ಲಿ ಸೆಕೆಂಡಿಗೆ ಒಂದು ಕೋಟಿ ಕಂಪನಗಳ ಧ್ವನಿಯ ತರಂಗದೂರ ಸುಮಾರು 0.15 ಮಿಲಿಮೀಟರ್; ಅದು ಕೆಂಪು ಬೆಳಕನ್ನು ಬಾಗಿಸುವ ಕೋನವೂ ಸುಮಾರು 4 ಮಿಲಿರೇಡಿಯನ್ನೇ. ಅಂಥ ಧ್ವನಿಯ ಅಲೆಗಳು ನೇರ ಸಾಲುಗಳಾಗಿರದೆ ವೃತ್ತಗಳಾಗಿದ್ದರೆ, ಎರಡು ಬದಿಗೆ ಒಡೆಯುತ್ತಿದ್ದ ಬೆಳಕು ಶಂಕುವಾಗಿ ಒಡೆಯಬೇಕು. 2006ರಲ್ಲಿ ಪ್ರಿನ್ಸ್‌ಟನ್ನಿನ ಸಂಶೋಧಕರು ಉರುಳೆಯಾಕಾರದ ದ್ರವಪಾತ್ರೆಯಲ್ಲಿ ಧ್ವನಿ ಎಬ್ಬಿಸಿ ಬೆಸೆಲ್ ಕಿರಣಪುಂಜಗಳನ್ನು ಪಡೆದದ್ದು ಈ ನಂಟಿಗೆ ನೇರ ಸಾಕ್ಷಿ.

ಬೆಸೆಲ್ ಪುಂಜಕ್ಕೆ ಇದಕ್ಕಿಂತಲೂ ಹಳೆಯ ನೆಂಟನೊಬ್ಬನಿದ್ದಾನೆ. ಗುಂಡಗಿನ ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಾಗುತ್ತದೆ, ಇದು ಅಸಂಬದ್ಧ ಎಂದು ಪ್ವಾಸೋಂ 1818ರಲ್ಲಿ ಬೆಳಕು ಅಲೆಯೆಂಬ ಫ್ರೆನೆಲ್ಲರ ಸಿದ್ಧಾಂತವನ್ನು ಆಕ್ಷೇಪಿಸಿದ್ದರು. ಅರಾಗೊ ಮಾಡಿ ನೋಡಿದಾಗ ಚುಕ್ಕೆ ಇತ್ತು. ಬೆಂಗಳೂರಿನಲ್ಲಿ ರಾಮನ್ ಅವರ ಬಳಗದ ವೈ.ವಿ. ಕಾಥವಟೆ 1945ರಲ್ಲಿ ಪ್ರಕಟಿಸಿದ ಅಧ್ಯಯನಗಳ ವಿಷಯ ಇಂಥ ವಿವರ್ತನ ಚಿತ್ರಗಳೇ. ಅಡ್ಡವಸ್ತುವಿನ ಅಂಚೇ ಹೊಸ ಮೂಲದಂತೆ ಬೆಳಕು ಸೂಸುತ್ತದೆ, ನೆರಳಿನೊಳಗಿನ ಚಿತ್ತಾರವೆಲ್ಲ ಅಂಚಿನಿಂದ ಬಂದ ಬೆಳಕಿನ ಕೂಡಿಕೆ ಎಂಬ ಜ್ಯಾಮಿತೀಯ ನೋಟ ಅವುಗಳದು. 4 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಕೆಂಪು ಲೇಸರಿನ ಮುಂದಿಟ್ಟು 2 ಮೀಟರ್ ಆಚೆ ಪರದೆ ಹಿಡಿದರೆ, ನೆರಳಿನ ನಡುವೆ ಅರ್ಧ ಮಿಲಿಮೀಟರ್ ಅಗಲದ ಚುಕ್ಕೆಯೂ ಅದನ್ನು ಸುತ್ತಿದ ಸಣ್ಣ ಬಳೆಗಳೂ ಕಾಣುತ್ತವೆ. ಅವುಗಳ ಆಕಾರ ಬೆಸೆಲ್ ಪುಂಜದ್ದೇ. ಆದರೆ ಪರದೆಯನ್ನು ದೂರ ಸರಿಸಿದಂತೆ ಚುಕ್ಕೆ ದೊಡ್ಡದಾಗುತ್ತದೆ, ಏಕೆಂದರೆ ಅಂಚಿನಿಂದ ಅಕ್ಷಕ್ಕೆ ಬರುವ ಬೆಳಕಿನ ಕೋನ ದೂರ ಹೋದಷ್ಟೂ ಕಿರಿದಾಗುತ್ತದೆ. ಆಕ್ಸಿಕಾನ್ ಮಾಡುವ ಸುಧಾರಣೆ ಇಷ್ಟೇ: ಎಲ್ಲ ದೂರಗಳಲ್ಲೂ ಆ ಕೋನ ಒಂದೇ ಆಗಿರುವಂತೆ ನೋಡಿಕೊಳ್ಳುತ್ತದೆ. ಬದಲಾಗದ ಚುಕ್ಕೆ ಎಂಬುದು ನೆರಳಿನೊಳಗಿನ ವಿವರ್ತನೆಯನ್ನೇ ತಿದ್ದಿ ತೀಡಿದ ರೂಪ.

ಇಲ್ಲಿ ಎರಡು ದಿಕ್ಕಿನಿಂದ ಆಕ್ಷೇಪ ಬರಬಹುದು. ಬೆಸೆಲ್ ಪುಂಜ ತರಂಗ ಸಮೀಕರಣದ ಕರಾರುವಾಕ್ಕಾದ ಪರಿಹಾರ, ಅಂದಾಜಲ್ಲ. ಗಣಿತದಲ್ಲಿ ಅದು ಎಂದೆಂದಿಗೂ ಹರಡದು. ಅಂದಮೇಲೆ ವಿವರ್ತನೆ ಸೋತಿಲ್ಲವೆನ್ನುವುದು ಹೇಗೆ ಎಂಬುದು ಒಂದು. ಇದಕ್ಕೆ ಉತ್ತರ ಬಳೆಗಳ ಲೆಕ್ಕದಲ್ಲಿದೆ. ಹೊರಗೆ ಹೋದಂತೆ ಬಳೆಗಳು ಮಂಕಾಗುತ್ತವೆ, ಆದರೆ ಸುತ್ತಳತೆ ಹಿಗ್ಗುವುದರಿಂದ ಪ್ರತಿ ಬಳೆಯಲ್ಲಿರುವ ಒಟ್ಟು ಶಕ್ತಿ ಹೆಚ್ಚುಕಡಿಮೆ ನಡುವಿನ ಚುಕ್ಕೆಯಲ್ಲಿರುವಷ್ಟೇ. ಎಂದೆಂದಿಗೂ ಹರಡದ ಪುಂಜಕ್ಕೆ ಅನಂತ ಬಳೆಗಳು ಬೇಕು, ಅಂದರೆ ಅನಂತ ಶಕ್ತಿ ಬೇಕು. ನೈಜ ಪುಂಜದಲ್ಲಿ ಇಪ್ಪತ್ತು ಬಳೆಗಳಿದ್ದರೆ ಚುಕ್ಕೆಗೆ ಸಿಗುವುದು ಒಟ್ಟು ಬೆಳಕಿನ ಸುಮಾರು ಇಪ್ಪತ್ತರಲ್ಲೊಂದು ಪಾಲು, ಮತ್ತು ಬಳೆಗಳು ಮುಗಿದ ದೂರಕ್ಕೆ ಚುಕ್ಕೆಯೂ ಮುಗಿಯುತ್ತದೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ದೊಡ್ಡಗಣಪತಿ ಗುಡಿಯ ಮುಂದಿನ ಜನಸಂದಣಿ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮ ಕಾಣುತ್ತದೆ, ಆದರೆ ಅಲ್ಲಿ ನಿಂತವರು ಗಳಿಗೆಗೊಮ್ಮೆ ಬೇರೆಯವರು. ಪಕ್ಕದ ಬೀದಿಗಳಿಂದ ಬರುವವರು ನಿಂತರೆ ಸಂದಣಿಯೂ ಕರಗುತ್ತದೆ. ಚುಕ್ಕೆಯಲ್ಲಿರುವ ಬೆಳಕೂ ಹಾಗೆಯೇ, ಬಳೆಗಳಿಂದ ಒಳಬಂದು ಅಕ್ಷ ದಾಟಿ ಆಚೆ ಹೋಗುತ್ತಿರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕೆ ವಿರುದ್ಧವಾದದ್ದು: ಹಾಗಾದರೆ ಇದು ಪುಂಜವೇ ಅಲ್ಲ, ಉದ್ದಕ್ಕೆ ಎಳೆದ ಸಂಗಮಬಿಂದು, ಹೆಸರು ದೊಡ್ಡದು ಮಾಡಿದ ಹಳೆಯ ಸರಕು. ಡರ್ನಿನ್ನರ ಪ್ರಬಂಧ ಬಂದ ವರ್ಷವೇ ಅದೇ ಪತ್ರಿಕೆಯಲ್ಲಿ ಆಕ್ಷೇಪದ ಟಿಪ್ಪಣಿ ಪ್ರಕಟವಾಯಿತು. ಮರುವರ್ಷ ಡರ್ನಿನ್ ಮತ್ತು ಸಂಗಡಿಗರು ಸಾಮಾನ್ಯ ಪುಂಜದೊಡನೆ ಬೆಸೆಲ್ ಪುಂಜವನ್ನು ತೂಗಿ ನೋಡುವ ಲೇಖನ ಬರೆದರು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಅದು ಅತಿಯಾಯಿತು. ಉದ್ದನೆಯ ಸಂಗಮರೇಖೆ ಎಂದು ಕರೆದ ಮಾತ್ರಕ್ಕೆ ಅಡ್ಡಕೊಯ್ತದ ಆಕಾರ ದಾರಿಯುದ್ದಕ್ಕೂ ಬದಲಾಗುವುದಿಲ್ಲ ಎಂಬ ಸಂಗತಿ ಸುಳ್ಳಾಗುವುದಿಲ್ಲ, ಆ ಸಂಗತಿಯಿಂದ ಹುಟ್ಟುವ ಗುಣಗಳೂ ಇಲ್ಲವಾಗುವುದಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ಸ್ವಯಂ ದುರಸ್ತಿ. ಚುಕ್ಕೆಗೆ ಅಡ್ಡವಾಗಿ 0.1 ಮಿಲಿಮೀಟರ್ ತ್ರಿಜ್ಯದ ಧೂಳಿನ ಕಣ ಬಂದರೆ ಅದರ ಹಿಂದೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನೆರಳು ಬೀಳುತ್ತದೆ. ಅಲ್ಲಿಂದಾಚೆ ಚುಕ್ಕೆ ಮತ್ತೆ ಮೊದಲಿನಂತೆ ಮೂಡುತ್ತದೆ. ಪವಾಡವೇನಿಲ್ಲ: ಕಣಕ್ಕೆ ತಾಗದೆ ಬದಿಯಿಂದ ಬಂದ ವಾಲಿದ ಅಲೆಗಳು ಅಕ್ಷ ತಲುಪಲು ಬೇಕಾದ ದೂರ ಅಷ್ಟು. ಕಣ ನುಂಗಿದ ಬೆಳಕು ಹೋದದ್ದೇ, ಒಟ್ಟು ಪುಂಜ ಅಷ್ಟರಮಟ್ಟಿಗೆ ಮಂಕಾಗಿರುತ್ತದೆ. 2015ರಲ್ಲಿ ಗ್ಲಾಸ್ಗೋದ ಭೌತವಿಜ್ಞಾನಿಗಳು ಒಂದೊಂದೇ ಫೋಟಾನುಗಳನ್ನು ಬೆಸೆಲ್ ಆಕಾರದಲ್ಲಿ ಕಳಿಸಿ, ಸುಮಾರು ಒಂದು ಮೀಟರ್ ಹಾದಿಯಲ್ಲಿ ಅವು ನೇರ ಹೋದ ಫೋಟಾನುಗಳಿಗಿಂತ ಕೆಲವು ಮೈಕ್ರೊಮೀಟರ್ ಹಿಂದೆ ಬೀಳುತ್ತವೆಂದು ಅಳೆದರು. ಓರೆಯಾಗಿ ನಡೆದವರು ತಡವಾಗಿ ತಲುಪಲೇಬೇಕು. ಚುಕ್ಕೆ ನೇರ ಹೋಗುತ್ತದೆ, ಬೆಳಕು ಹೋಗುವುದು ಓರೆಯಾಗಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎಲ್ಲ ಅಲೆಗಳನ್ನೂ ಒಂದೇ ಕೋನಕ್ಕೆ ತರುವುದೊಂದೇ ಉಪಾಯವಲ್ಲ. ತಾಳ ತಪ್ಪಲು ಬಿಟ್ಟು, ತಪ್ಪುವ ರೀತಿಯನ್ನೇ ನಿಯಂತ್ರಿಸಬಹುದು. ಕಾಮನಬಿಲ್ಲಿನ ಲೆಕ್ಕಕ್ಕಾಗಿ ಏರಿ ಅವರು 1838ರಲ್ಲಿ ತಂದ ಫಲನವೊಂದರ ಆಕಾರವನ್ನು ಕ್ವಾಂಟಮ್ ಕಣದ ಅಲೆಗೆ ಕೊಟ್ಟರೆ ಅದು ಹರಡದೆ, ಯಾವ ಬಲವೂ ಇಲ್ಲದೆ ಬದಿಗೆ ವೇಗವರ್ಧನೆ ಪಡೆಯುತ್ತದೆ ಎಂದು ಬೆರಿ ಮತ್ತು ಬಲಾಜ್ 1979ರಲ್ಲಿ ತೋರಿಸಿದರು. ಫ್ಲಾರಿಡಾದಲ್ಲಿ ಕ್ರಿಸ್ಟೊಡೌಲಿಡೆಸ್ ಅವರ ತಂಡ 2007ರಲ್ಲಿ ಅದನ್ನು ಬೆಳಕಿನಲ್ಲಿ ಸಾಧಿಸಿತು; ಏರಿ ಪುಂಜದ ಪ್ರಖರ ತುದಿ ಬಿಲ್ಲಿನಂತೆ ಬಾಗಿ ಸಾಗುತ್ತದೆ. ಬಲವಿಲ್ಲದೆ ಬಾಗುವುದು ಭೌತನಿಯಮಕ್ಕೆ ವಿರುದ್ಧವಲ್ಲವೇ? ಅಲ್ಲ, ಬಾಗುವುದು ತುದಿ ಮಾತ್ರ, ಸೀಮಿತ ಶಕ್ತಿಯ ಪುಂಜದ ಗುರುತ್ವಕೇಂದ್ರ ನೇರವಾಗಿಯೇ ಹೋಗುತ್ತದೆ. ಈ ಮೈಕೆಲ್ ಬೆರಿ ಅವರ ಪಿಎಚ್.ಡಿ. ವಿಷಯ ಶ್ರವಣಾತೀತ ಧ್ವನಿಯಿಂದ ಬೆಳಕಿನ ವಿವರ್ತನೆ, ಅಂದರೆ ರಾಮನ್–ನಾಥ್ ಅವರದೇ ಸಮಸ್ಯೆ. 1987ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದಾಗ ಒಂದು ಹಳೆಯ ಬಾಕಿ ತೀರಿತು. ಬೆರಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಜ್ಯಾಮಿತೀಯ ಪ್ರಾವಸ್ಥೆಯ ಮುನ್ಸೂಚನೆ ಶಿವರಾಮಕೃಷ್ಣ ಪಂಚರತ್ನಂ ಅವರ 1956ರ ಲೇಖನದಲ್ಲಿದೆ ಎಂದು ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಹಿಂದಿನ ವರ್ಷ ಬರೆದಿದ್ದರು. ಬೆರಿ ಅದನ್ನು ಓದಿ, ಒಪ್ಪಿ, ಪ್ರಕಟವಾಗಿ ಮನ್ನಣೆ ಕೊಟ್ಟರು. ಪಂಚರತ್ನಂ ಅದನ್ನು ಬರೆದಾಗ ಇಪ್ಪತ್ತೆರಡರ ಆಸುಪಾಸಿನ ಹುಡುಗ.

ಬೆಳಕು ನಿಜಕ್ಕೂ ಹರಡದೆ ಸಾಗುವ ಸಂದರ್ಭಗಳು ಇಲ್ಲವೆಂದಲ್ಲ. ಪ್ರಖರ ಬೆಳಕು ಕೆಲವು ಮಾಧ್ಯಮಗಳ ವಕ್ರೀಭವನ ಸೂಚ್ಯಂಕವನ್ನು ತಾನೇ ಹೆಚ್ಚಿಸಿ ತನಗೆ ತಾನೇ ಮಸೂರವಾಗುತ್ತದೆ. ಇದನ್ನು 1964ರಲ್ಲಿ ಚಾವ್, ಗಾರ್ಮೈರ್ ಮತ್ತು ಟೌನ್ಸ್ ವಿವರಿಸಿದರು. ಆಪ್ಟಿಕಲ್ ಫೈಬರಿನಲ್ಲಿ ಗಾಜಿನ ಗೋಡೆಯೇ ಬೆಳಕನ್ನು ಹಿಡಿದಿಡುತ್ತದೆ. ಆದರೆ ಅವೆರಡರಲ್ಲೂ ವಿವರ್ತನೆಗೆ ಎದುರಾಗಿ ನಿಲ್ಲುವುದು ಮಾಧ್ಯಮ. ಬರಿಯ ಆಕಾಶದಲ್ಲಿ ಆ ನೆರವು ಸಿಗದು.

ದೂರಸಂಪರ್ಕಕ್ಕೆ ಬೆಸೆಲ್ ಪುಂಜ ವರದಾನವೆಂದು ಆಗಾಗ ಕೇಳಿಬರುವ ಮಾತನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ರಾಮನ್ ಸಂಶೋಧನಾ ಸಂಸ್ಥೆ ತನ್ನ ಎರಡು ಕಟ್ಟಡಗಳ ನಡುವೆ, 50 ಮೀಟರ್ ಬಯಲಿನಲ್ಲಿ, ಕ್ವಾಂಟಮ್ ಗುಪ್ತಕೀಲಿ ರವಾನೆಯನ್ನು ಸಾಧಿಸಿದ ಸುದ್ದಿ 2021ರಲ್ಲಿ ಪ್ರಕಟವಾಯಿತು. 800 ನ್ಯಾನೊಮೀಟರಿನ ಬೆಳಕಿನಲ್ಲಿ 1 ಸೆಂಟಿಮೀಟರ್ ತ್ರಿಜ್ಯದ ಸಾಮಾನ್ಯ ಪುಂಜ 400 ಮೀಟರಿನವರೆಗೆ ಹೆಚ್ಚುಕಡಿಮೆ ಹಾಗೆಯೇ ಹೋಗುವುದರಿಂದ ಅಂಥ ದೂರಕ್ಕೆ ಯಾವ ಜಾಣ್ಮೆಯೂ ಬೇಕಿಲ್ಲ. 500 ಕಿಲೊಮೀಟರ್ ಎತ್ತರದ ಉಪಗ್ರಹಕ್ಕೆ? 15 ಸೆಂಟಿಮೀಟರ್ ತ್ರಿಜ್ಯದ ಬೆಸೆಲ್ ಚುಕ್ಕೆ ಅಷ್ಟು ದೂರ ಉಳಿಯಬೇಕಾದರೆ ನೆಲದ ಮೇಲೆ 2 ಮೀಟರ್ ಅಗಲದ ಕನ್ನಡಿ ಬೇಕು, ಮತ್ತು ಬೆಳಕಿನ ಐದನೇ ಒಂದು ಪಾಲಷ್ಟೇ ಚುಕ್ಕೆಯಲ್ಲಿರುತ್ತದೆ. ಅದೇ ಕನ್ನಡಿಯಿಂದ ಸಾಮಾನ್ಯ ಪುಂಜವನ್ನು ಉಪಗ್ರಹದತ್ತ ಸಂಗಮಿಸಿದರೆ ಸುಮಾರು 18 ಸೆಂಟಿಮೀಟರ್ ತ್ರಿಜ್ಯದೊಳಗೆ ಬಹುಪಾಲು ಬೆಳಕು ತಲುಪುತ್ತದೆ. ದೂರ ಗೊತ್ತಿದ್ದಾಗ ಬೆಸೆಲ್ ಪುಂಜ ಸೋಲುವುದೇ ಹೆಚ್ಚು.

ಅದು ಗೆಲ್ಲುವುದು ಆಳ ಗೊತ್ತಿಲ್ಲದಾಗ, ಅಥವಾ ಇಡೀ ಆಳವೇ ಒಟ್ಟಿಗೆ ಬೇಕಾದಾಗ. 2002ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಧೋಲಕಿಯಾ ಅವರ ಗುಂಪು ಒಂದೇ ಬೆಸೆಲ್ ಪುಂಜದಿಂದ ಬೇರೆ ಬೇರೆ ಪಾತ್ರೆಗಳಲ್ಲಿದ್ದ ಸೂಕ್ಷ್ಮಕಣಗಳನ್ನು ಏಕಕಾಲಕ್ಕೆ ಹಿಡಿದಿಟ್ಟಿತು. ಮೊದಲ ಕಣ ಅಡ್ಡ ಬಂದರೂ ಪುಂಜ ಎರಡನೆಯದರ ಹೊತ್ತಿಗೆ ಸರಿಹೋಗಿತ್ತು. ಜೀವಕೋಶಗಳನ್ನು ತೆಳು ಬೆಳಕಿನ ಹಾಳೆಯಿಂದ ಗೀರಿ ನೋಡುವ ಸೂಕ್ಷ್ಮದರ್ಶಕಗಳಲ್ಲಿ, ಬೆಳಕನ್ನು ಚದುರಿಸುವ ಅಂಗಾಂಶದೊಳಗೂ ಹಾಳೆ ದಪ್ಪಗಾಗದಂತೆ ಇಡಲು ಇದೇ ಉಪಾಯ. ಬಳೆಗಳ ಬೆಳಕು ಅಲ್ಲಿ ಚಿತ್ರವನ್ನು ಮಬ್ಬು ಮಾಡುವ ಕಾಟ ಇದ್ದೇ ಇದೆ, ಅದನ್ನು ತೊಡೆಯಲು ಬೇರೆ ತಂತ್ರಗಳನ್ನು ಹೂಡುತ್ತಾರೆ. ಗಾಜು ಕೊರೆಯುವಾಗ ಮಾತ್ರ ಬಳೆಗಳು ಕಾಟವೇ ಅಲ್ಲ. ಗಾಜಿಗೆ ಹಾನಿಯಾಗುವ ಮಿತಿಯನ್ನು ಅವು ಮುಟ್ಟುವುದಿಲ್ಲ, ಚುಕ್ಕೆಯೊಂದೇ ಮುಟ್ಟುತ್ತದೆ. 2010ರಲ್ಲಿ ಫ್ರಾನ್ಸಿನ ಬೆಸಾನ್ಸೋಂನಲ್ಲಿ ಒಂದೇ ಒಂದು ಫೆಮ್ಟೊಸೆಕೆಂಡ್ ಬೆಸೆಲ್ ಸ್ಪಂದನದಿಂದ ಗಾಜಿನಲ್ಲಿ ಕೊರೆದ ನಾಳದ ಅಗಲ ಒಂದು ಮೈಕ್ರೊಮೀಟರಿಗಿಂತ ಕಡಿಮೆ, ಆಳ ಅಗಲದ ನೂರು ಪಟ್ಟು.